ಮದುವೆಯ ಡಿಜೆ ಬಳಿ ಹಾಡು ಕೇಳುವುದಕ್ಕೂ ಒಂದು ರೀತಿ ಬೇಡವೇ?

ಕೋಥರೂಡಿನ ಅಣ್ಣ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಪುಣೆಯಲ್ಲಿ ನನ್ನ ತಂಗಿಯ ಮದುವೆ ಇದೆ. ನಾವು ಧಾರವಾಡದ ಕಡೆಯವರು. ಬೀಗರು ಸಾತಾರಾ ಮೂಲದ ಮರಾಠಿ ಕುಟುಂಬದವರು. ಮುಹೂರ್ತದ ಹೊತ್ತಿಗೆ ಸನಾದಿಯೇ ಇರಬೇಕೆಂಬುದರಲ್ಲಿ ಎರಡೂ ಮನೆಗಳಿಗೆ ಒಂದೇ ಅಭಿಪ್ರಾಯ. ತಕರಾರೆಲ್ಲ ಹಿಂದಿನ ದಿನದ ‘ಸಂಗೀತ್’ ಸಂಜೆಗೆ ಗೊತ್ತುಮಾಡಿರುವ ಡಿಜೆಯ ವಿಷಯದಲ್ಲಿದೆ. ಮುಂಗಡ ಪಡೆಯುವಾಗಲೇ ಆತ, ‘ಯಾವ ಹಾಡು ಹಾಕಬೇಕೆಂದು ನನಗೆ ಹೇಳುವವರು ಯಾರೆಂದು ಮನೆಯವರೇ ಮೊದಲು ತೀರ್ಮಾನಿಸಿಕೊಳ್ಳಿ, ಆಮೇಲೆ ನನ್ನ ಮೇಜಿನ ಮುಂದೆ ಜಗಳ ಬೇಡ’ ಎಂದು ಹೇಳಿಹೋದ.

ಅವನ ಮಾತಿನಲ್ಲಿ ಅರ್ಥವಿದೆ. ಗೋಕಾಕಿನಿಂದ ಬರುವ ನಮ್ಮ ಹುಡುಗರಿಗೆ ಜಾನಪದ ಡಿಜೆ ಹಾಡುಗಳು ಬೇಕು, ವರನ ಗೆಳೆಯರಿಗೆ ಪಂಜಾಬಿ ಬೇಕು, ಬೀಗರ ಮನೆಯ ಹೆಂಗಸರಿಗೆ ಲಾವಣಿಯ ಧಾಟಿ ಬೇಕು, ನಮ್ಮ ಅತ್ತೆಯವರಿಗೆ ಹಳೆಯ ಕನ್ನಡ ಚಿತ್ರಗೀತೆ ಬೇಕು. ಬಂದವರು ನೇರವಾಗಿ ಡಿಜೆಯ ಬಳಿ ಹೋಗಿ ಕೇಳುವುದು ಸರಿಯೇ, ಅಥವಾ ಮನೆಯವರ ಮೂಲಕ ಹೇಳಿಸಬೇಕೇ? ಕೇಳಿದ ಹಾಡನ್ನು ಅವನು ಹಾಕದಿದ್ದರೆ ಮತ್ತೆ ಹೋಗಿ ಕೇಳಬಹುದೇ? ಅವನ ಕೈಗೆ ನೋಟು ತುರುಕುವವರನ್ನು ಏನೆಂದು ತಡೆಯುವುದು? ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಡೊಂಬಿವಲಿ ಶೆಟ್ರು

ಮದುವೆಗೆ ಕರೆದ ಮೇಲೆ ಬಂದವರ ಆಸೆಯನ್ನೂ ಸ್ವಲ್ಪ ನಡೆಸಿಕೊಡಬೇಕು, ಅಣ್ಣ. ಹಾಡು ಕೇಳುವುದಕ್ಕೂ ಅರ್ಜಿ, ಮಂಜೂರಾತಿ ಎಂದು ಹೊರಟರೆ ಅದು ಮದುವೆಯ ಮನೆಯಾಗಿ ಉಳಿಯುವುದಿಲ್ಲ, ತಹಶೀಲ್ದಾರರ ಕಚೇರಿಯಾಗುತ್ತದೆ.

ಮಾಟುಂಗಾದ ಹಿರಿಯರು

ಶೆಟ್ಟರ ಮಾತನ್ನು ನಾನು ಒಪ್ಪುವುದಿಲ್ಲ. ಡಿಜೆಯನ್ನು ಕರೆಸಿದವರು ಮನೆಯವರು, ಅವನಿಗೆ ಹಣ ಕೊಡುವವರು ಮನೆಯವರು, ಆ ಸಂಜೆ ಹೇಗಿರಬೇಕೆಂದು ಯೋಚಿಸಿದವರೂ ಅವರೇ. ಅತಿಥಿಯಾದವನು ನೇರವಾಗಿ ಹೋಗಿ ‘ಈ ಹಾಡು ನಿಲ್ಲಿಸು, ನನ್ನದು ಹಾಕು’ ಎನ್ನುವುದು, ಪಂಕ್ತಿಯಲ್ಲಿ ಕುಳಿತವನು ಬಡಿಸುವವರ ಕೈಯಿಂದ ಸೌಟು ಕಿತ್ತುಕೊಂಡಂತೆ. ‘ಹಾಕಬಹುದೇ’ ಎಂದು ಕೇಳುವುದು ಒಂದು, ‘ಹಾಕು’ ಎಂದು ಹೇಳುವುದು ಇನ್ನೊಂದು. ಇವೆರಡರ ನಡುವಿನ ಅಂತರವನ್ನು ನಮ್ಮವರು ಮರೆತಿದ್ದಾರೆ.

ಇನ್ನೊಂದು ವಿಷಯ. ಸದ್ದು ತಗ್ಗಿಸಿ ಎಂದು ಕೇಳುವ ನಮ್ಮಂಥವರ ಬೇಡಿಕೆಯೂ ಒಂದು ಬೇಡಿಕೆಯೇ. ಅದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಥಾಣೆಯ ಡಿಜೆ

ನಾನು ಇದೇ ಕಸುಬಿನವನು. ಮನೆಮಾತು ತುಳು, ಓದಿದ್ದು ಮುಂಬೈಯ ರಾತ್ರಿಶಾಲೆಯಲ್ಲಿ, ಮದುವೆಯ ಕೆಲಸ ಹೆಚ್ಚಾಗಿ ಥಾಣೆ, ನವಿ ಮುಂಬೈ, ಪುಣೆಗಳಲ್ಲಿ. ನಮ್ಮ ಮೇಜಿನ ಹಿಂದೆ ಏನು ನಡೆಯುತ್ತದೆ ಎಂಬುದು ತಿಳಿದರೆ ಅರ್ಧ ಜಗಳ ತಾನಾಗಿಯೇ ನಿಲ್ಲುತ್ತದೆ ಎನಿಸುವುದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಒಂದು ಹಾಡು ಜನರಿಗೆ ಕೇಳಿಸುತ್ತಿರುವಾಗ ಮುಂದಿನ ಹಾಡು ನನ್ನ ಹೆಡ್‌ಫೋನಿನಲ್ಲಿ ಓಡುತ್ತಿರುತ್ತದೆ. ಎರಡರ ಬೀಟು ಕೂಡಿಸಿ, ಪಲ್ಲವಿ ಎಲ್ಲಿ ಬರುತ್ತದೆ ಎಂದು ನೋಡಿಕೊಂಡು, ಜನರಿಗೆ ಗೊತ್ತಾಗದಂತೆ ಒಂದರಿಂದ ಇನ್ನೊಂದಕ್ಕೆ ದಾಟಿಸಬೇಕು. ನಾಲ್ಕು ನಿಮಿಷದ ಹಾಡನ್ನು ನಾವು ಕುಣಿಯುವ ಜಾಗದಲ್ಲಿ ಹೆಚ್ಚೆಂದರೆ ಎರಡು ನಿಮಿಷ ಇಡುತ್ತೇವೆ. ಆದ್ದರಿಂದ ಈ ದಾಟಿಸುವ ಕೆಲಸಕ್ಕೆ ಬಿಡುವೆಂಬುದೇ ಇರುವುದಿಲ್ಲ. ಸರಿಯಾಗಿ ಅದೇ ಗಳಿಗೆಯಲ್ಲಿ ಬೆನ್ನ ಮೇಲೆ ಬಡಿದು ‘ಭಾವು, ನನ್ನ ಹಾಡು’ ಎನ್ನುವವರೇ ಜಾಸ್ತಿ. ನಾನು ಹೆಡ್‌ಫೋನನ್ನು ಕಿವಿಯಿಂದ ಸರಿಸಿ ತಲೆ ಎತ್ತುವವರೆಗೆ ಅರ್ಧ ನಿಮಿಷ ಕಾಯ್ದರೆ ಸಾಕು, ನಾನೇ ಮಾತನಾಡಿಸುತ್ತೇನೆ.

ಕೇಳಿದ ಹಾಡು ತಕ್ಷಣ ಬರುವುದಿಲ್ಲ. ಮುಂದಿನ ಮೂರು ನಾಲ್ಕು ಹಾಡುಗಳು ತಲೆಯಲ್ಲಿ ಕೂತಿರುತ್ತವೆ. ನಿಮಿಷಕ್ಕೆ 125 ಬಡಿತದ ಹಾಡಿಗೆ ಕುಣಿಯುತ್ತಿರುವವರ ಮೇಲೆ 75 ಬಡಿತದ ಭಾವಗೀತೆಯನ್ನು ಒಮ್ಮೆಲೇ ಸುರಿದರೆ ಕುಣಿತದ ಅಂಗಳ ಖಾಲಿಯಾಗುತ್ತದೆ. ಮತ್ತೆ ಅವರನ್ನು ಎಬ್ಬಿಸಿ ತರುವುದಕ್ಕೆ ಒಳ್ಳೆಯ ಹಾಡುಗಳನ್ನೆಲ್ಲ ಖರ್ಚು ಮಾಡಬೇಕಾಗುತ್ತದೆ. ನಾನು ‘ಹಾಕುತ್ತೇನೆ’ ಎಂದರೆ ‘ಅದಕ್ಕೆ ಜಾಗ ಸಿಕ್ಕಾಗ ಹಾಕುತ್ತೇನೆ’ ಎಂದು ತಿಳಿಯಬೇಕು. ಐದೈದು ನಿಮಿಷಕ್ಕೊಮ್ಮೆ ಬಂದು ನೆನಪಿಸಿದರೆ ಹಾಡು ಬೇಗ ಬರುವುದಿಲ್ಲ, ನನಗೆ ಸಿಟ್ಟು ಬೇಗ ಬರುತ್ತದೆ.

ಫೋನನ್ನು ನನ್ನ ಕೈಗೆ ಕೊಟ್ಟು ‘ಇದರಲ್ಲಿದೆ, ಇದನ್ನೇ ಹಚ್ಚು’ ಎನ್ನಬೇಡಿ. ವಿಡಿಯೊದಿಂದ ಇಳಿಸಿಕೊಂಡ ಹಾಡು ನಿಮ್ಮ ಕಿವಿಗೆ ಚೆನ್ನಾಗಿರಬಹುದು, ಆದರೆ ದೊಡ್ಡ ಸ್ಪೀಕರಿನಲ್ಲಿ ಅದರ ಬಡಕಲು ದನಿ ಬಯಲಾಗುತ್ತದೆ. ನಡುವೆ ಕರೆ ಬಂದರೆ ನಿಮ್ಮ ಫೋನಿನ ಗಂಟೆ ಇಡೀ ಹಾಲಿಗೆ ಕೇಳಿಸುತ್ತದೆ. ಹಾಡಿನ ಹೆಸರನ್ನು ಪರದೆಯ ಮೇಲೆ ದೊಡ್ಡದಾಗಿ ಬರೆದು ತೋರಿಸುವುದು ಮಾತ್ರ ಬಹಳ ಒಳ್ಳೆಯದು. ಆ ಗದ್ದಲದಲ್ಲಿ ಕೂಗಿ ಹೇಳಿದ ಹೆಸರು ನನಗೆ ಎಂದೂ ಸರಿಯಾಗಿ ಕೇಳಿಸಿಲ್ಲ. ಒಂದೇ ಹೆಸರಿನ ಹಾಡುಗಳು ಹಲವಿರುವುದರಿಂದ ಚಿತ್ರದ ಹೆಸರನ್ನೋ ಹಾಡಿದವರ ಹೆಸರನ್ನೋ ಜೊತೆಗೆ ಬರೆಯಿರಿ. ಮತ್ತು ದಯವಿಟ್ಟು ಶರಬತ್ತಿನ ಲೋಟವನ್ನು ನನ್ನ ಮೇಜಿನ ಮೇಲೆ ಇಡಬೇಡಿ.

ಅಂಧೇರಿಯ ಹುಡುಗ

ಡಿಜೆ ಅಣ್ಣ, ನಿಮ್ಮ ಮಾತೆಲ್ಲ ಸರಿ, ಆದರೆ ಕನ್ನಡ ಹಾಡು ಕೇಳಿದಾಗ ಮಾತ್ರ ‘ಚಲೇಗಾ ನಹೀಂ’ ಎಂಬ ಉತ್ತರ ಯಾಕೆ ಬರುತ್ತದೆ? ಕನ್ನಡದವರ ಮದುವೆ, ಹಾಲ್ ತುಂಬ ಕನ್ನಡದವರು, ಆದರೂ ಸಂಜೆಯಿಡೀ ಹಿಂದಿ ಮತ್ತು ಪಂಜಾಬಿ. ಇಂಥ ಕಡೆ ಮೂರು ಸಲವಲ್ಲ, ಮೂವತ್ತು ಸಲ ಹೋಗಿ ಕೇಳಿದರೂ ತಪ್ಪಿಲ್ಲ ಎಂಬುದು ನನ್ನ ಅಭಿಪ್ರಾಯ. ಕೇಳದೆ ಕುಳಿತರೆ ನಮ್ಮ ಹಾಡುಗಳಿಗೆ ಕುಣಿಯಲು ಬರುತ್ತದೆ ಎಂಬುದೇ ಈ ಊರಿನ ಡಿಜೆಗಳಿಗೆ ತಿಳಿಯುವುದಿಲ್ಲ.

ಥಾಣೆಯ ಡಿಜೆ

ತಮ್ಮಾ, ಇದಕ್ಕೆ ನೇರ ಉತ್ತರ ಕೊಡುತ್ತೇನೆ. ಮುಂಬೈಯ ಬಹುಪಾಲು ಡಿಜೆಗಳ ಲ್ಯಾಪ್‌ಟಾಪಿನಲ್ಲಿ ಕನ್ನಡ ಹಾಡುಗಳೇ ಇರುವುದಿಲ್ಲ. ಎಷ್ಟೋ ಹಾಲುಗಳು ನೆಲಮಾಳಿಗೆಯಲ್ಲಿದ್ದು ಅಲ್ಲಿ ನೆಟ್‌ವರ್ಕ್ ಸಿಗದ ಕಾರಣ ಆ ಕ್ಷಣದಲ್ಲಿ ಹುಡುಕಿ ಇಳಿಸಿಕೊಳ್ಳುವುದೂ ಆಗದ ಮಾತು. ತನ್ನ ಬಳಿ ಇಲ್ಲ ಎನ್ನಲು ಸಂಕೋಚವಾಗಿ ‘ನಡೆಯುವುದಿಲ್ಲ’ ಎಂದುಬಿಡುತ್ತಾರೆ. ಅದು ನಮ್ಮವರ ತಪ್ಪೇ. ಆದರೆ ಇದಕ್ಕೆ ಮದ್ದು ಮೂವತ್ತು ಸಲ ಕೇಳುವುದಲ್ಲ, ಒಂದು ವಾರ ಮೊದಲೇ ಹಾಡುಗಳನ್ನು ತಲುಪಿಸುವುದು. ಹಾಡು ಮೊದಲೇ ಕೈಯಲ್ಲಿದ್ದರೆ, ಅದರ ಬೀಟಿಗೆ ಹೊಂದುವ ಹಿಂದಿ ಹಾಡೊಂದರ ಬೆನ್ನಿಗೆ ಅದನ್ನು ತಂದರೆ, ಮರಾಠಿಯವರೂ ಕುಣಿಯುತ್ತಾರೆ.

ಇನ್ನೊಂದು ಮಾತು. ಹಾಡು ಕೇಳಿದವನು ಆ ಹಾಡು ಬಂದಾಗ ಅಂಗಳದಲ್ಲಿರಬೇಕು. ಕನ್ನಡ ಹಾಡು ಬೇಕೆಂದು ಹಠ ಹಿಡಿದವರು ಅದು ಬರುವ ಹೊತ್ತಿಗೆ ಊಟದ ಸಾಲಿನಲ್ಲಿ ನಿಂತಿರುವುದನ್ನು ಬಹಳ ಸಲ ಕಂಡಿದ್ದೇನೆ. ಆಗ ಡಿಜೆಗೆ ‘ಇದು ನಡೆಯುವುದಿಲ್ಲ’ ಎಂಬುದು ಖಾತ್ರಿಯಾಗಿಬಿಡುತ್ತದೆ.

ಡೊಂಬಿವಲಿ ಶೆಟ್ರು

ಊಟದ ಸಾಲಿನಲ್ಲಿ ನಿಂತವರನ್ನು ದೂರಬೇಡಿ. ಕೋರಿ ರೊಟ್ಟಿ ಮುಗಿದುಹೋದರೆ ಹಾಡು ಹಾಕಿದವರು ತಂದುಕೊಡುತ್ತಾರೆಯೇ?

ಪಿಂಪರಿಯ ಅಕ್ಕ

ಹೇಗೆ ಕೇಳಬೇಕು ಎನ್ನುವುದರ ಜೊತೆಗೆ ಏನನ್ನು ಕೇಳಬಾರದು ಎಂಬುದನ್ನೂ ಮಾತನಾಡೋಣ. ಕೋಥರೂಡಿನ ಅಣ್ಣನವರು ಜಾನಪದ ಡಿಜೆ ಹಾಡುಗಳ ಪ್ರಸ್ತಾಪ ಮಾಡಿದ್ದಾರೆ. ಅವುಗಳಲ್ಲಿ ತಾಳ ಚೆನ್ನಾಗಿದೆ, ಮೈ ತಾನಾಗಿಯೇ ಕುಣಿಯುತ್ತದೆ, ಇದನ್ನು ನಾನೂ ಒಪ್ಪುತ್ತೇನೆ. ಆದರೆ ಕೆಲವು ಹಾಡುಗಳ ಮಾತು ಎರಡರ್ಥದವು, ಇನ್ನು ಕೆಲವು ಒಂದೇ ಅರ್ಥದವು, ಅದೂ ಕೆಟ್ಟದ್ದು. ಕನ್ನಡ ತಿಳಿಯದ ಪುಣೆಯ ಡಿಜೆಗೆ ಅದು ಗೊತ್ತಾಗುವುದಿಲ್ಲ. ಹುಡುಗರು ಕೇಳಿದರು, ಅವನು ಹಾಕಿದ. ಬೀಗರಿಗೆ ಅರ್ಥವಾಗದೆ ನಗುತ್ತಾ ಚಪ್ಪಾಳೆ ತಟ್ಟುತ್ತಿರುತ್ತಾರೆ, ನಮ್ಮ ಹೆಂಗಸರು ಮಾತ್ರ ತಲೆ ತಗ್ಗಿಸಿ ಕುಳಿತುಕೊಳ್ಳಬೇಕಾಗುತ್ತದೆ. ಕನ್ನಡ ಬಲ್ಲ ಒಬ್ಬರು ಮೊದಲೇ ಆ ಹಾಡುಗಳನ್ನು ಕೊನೆಯವರೆಗೆ ಕೇಳಿ ಒಪ್ಪಿಗೆ ಕೊಡುವುದು ಅಗತ್ಯ. ಪಲ್ಲವಿ ಸಭ್ಯವಾಗಿದೆ ಎಂದು ನಂಬಿ ಬಿಟ್ಟರೆ ಚರಣದಲ್ಲಿ ಮಾನ ಹೋಗುತ್ತದೆ.

ಅದಕ್ಕಿಂತ ಗಂಭೀರವಾದ ವಿಷಯ ಇನ್ನೊಂದಿದೆ. ಜಾತಿಯ ಹೆಮ್ಮೆಯ ಹಾಡು, ಪಕ್ಷದ ನಾಯಕರ ಹಾಡು, ನಾಡು ನುಡಿಯ ಹೆಸರಿನಲ್ಲಿ ಇನ್ನೊಬ್ಬರನ್ನು ಕೆಣಕುವ ಹಾಡು, ಇವು ಮದುವೆಯಲ್ಲಿ ಬೇಡವೇ ಬೇಡ. ನಿಮ್ಮದು ಕನ್ನಡ ಮರಾಠಿ ಸಂಬಂಧ. ಬೆಳಗಾವಿ ಕಡೆಯ ನೆಂಟರು ಬರುತ್ತಾರೆ, ಕೊಲ್ಹಾಪುರದ ಕಡೆಯವರೂ ಬರುತ್ತಾರೆ. ಒಬ್ಬ ಹುಡುಗ ಹುಮ್ಮಸ್ಸಿನಲ್ಲಿ ಒಂದು ಹಾಡು ಕೇಳಿ ಬಾವುಟ ಬೀಸಿದರೆ, ಆ ಕಡೆಯವರು ಅದಕ್ಕೆ ಉತ್ತರವಾಗಿ ಇನ್ನೊಂದನ್ನು ಕೇಳುತ್ತಾರೆ. ಅಲ್ಲಿಂದ ಮುಂದೆ ಡಿಜೆಯ ಮೇಜೇ ಗಡಿಯಾಗುತ್ತದೆ. ಹಾಕಬೇಕಾದ ಹಾಡುಗಳ ಪಟ್ಟಿಗಿಂತ ಹಾಕಬಾರದ ಹಾಡುಗಳ ಪಟ್ಟಿ ಮುಖ್ಯ, ಮತ್ತು ಅದನ್ನು ಎರಡೂ ಮನೆಯವರು ಒಟ್ಟಿಗೆ ಕುಳಿತು ಮಾಡಬೇಕು.

ಅಂಧೇರಿಯ ಹುಡುಗ

ಅಕ್ಕ, ಕೆಣಕುವ ಹಾಡು ಬೇಡ ಎಂಬುದಕ್ಕೆ ನನ್ನ ಒಪ್ಪಿಗೆಯಿದೆ. ಆದರೆ ಕನ್ನಡದ ಹಾಡನ್ನು ಕೇಳುವುದೇ ಕೆಣಕುವುದು ಎಂದಾಗಬಾರದು.

ಪಿಂಪರಿಯ ಅಕ್ಕ

ಖಂಡಿತ ಆಗಬಾರದು, ಮತ್ತು ನಾನು ಹಾಗೆ ಹೇಳಿಯೂ ಇಲ್ಲ. ಹೆಣ್ಣಿನ ಮನೆಯ ಭಾಷೆಯಲ್ಲಿ ಒಂದಿಷ್ಟು ಹಾಡುಗಳು ಬರಬೇಕೆಂಬುದು ಬೇಡಿಕೆಯೇ ಅಲ್ಲ, ಅದು ಮೊದಲ ಪಟ್ಟಿಯಲ್ಲೇ ಇರಬೇಕು. ಮದುಮಗಳ ಕಡೆಯವರು ಮೇಜಿನ ಮುಂದೆ ನಿಂತು ಗೋಗರೆಯುವ ಸ್ಥಿತಿ ಬಂದರೆ, ಅಲ್ಲಿಗೆ ಏರ್ಪಾಡು ಮಾಡಿದವರೇ ಎಡವಿದ್ದಾರೆ ಎಂದರ್ಥ.

ವಾಸ್ಕೋ ನಿವಾಸಿ

ಗೋವಾದ ಕ್ರೈಸ್ತರ ಮದುವೆಗಳಲ್ಲಿ ಇದಕ್ಕೊಂದು ಒಳ್ಳೆಯ ವ್ಯವಸ್ಥೆ ಇದೆ. ಅಲ್ಲಿ ಲೈವ್ ಬ್ಯಾಂಡೋ ಡಿಜೆಯೋ ಇದ್ದರೂ ಸಂಜೆಯನ್ನು ನಡೆಸುವವನು ನಿರೂಪಕ. ಅವನನ್ನು ಎಲ್ಲರೂ ಎಮ್ಸಿ ಎನ್ನುತ್ತಾರೆ. ವಧೂವರರ ಪ್ರವೇಶ, ಲೋಟ ಎತ್ತಿ ಶುಭ ಹಾರೈಸುವ ಟೋಸ್ಟು, ಅವರ ಮೊದಲ ನೃತ್ಯ, ಬಂದವರೆಲ್ಲ ಜೋಡಿಯಾಗಿ ಹೆಜ್ಜೆ ಹಾಕುವ ಗ್ರ್ಯಾಂಡ್ ಮಾರ್ಚ್, ಕೊನೆಗೆ ‘ಮಸಾಲಾ’ ಎಂದು ಕರೆಯುವ ಕುಣಿತದ ಕೊಂಕಣಿ ಹಾಡುಗಳು, ಹೀಗೆ ಎಲ್ಲದಕ್ಕೂ ಒಂದು ಕ್ರಮವಿರುತ್ತದೆ. ಹಾಡು ಬೇಕಾದವರು ನಿರೂಪಕನ ಬಳಿ ಹೇಳುತ್ತಾರೆ. ಅವನು ಅದನ್ನು ಸೇರಿಸುತ್ತಾನೆ, ಇಲ್ಲವೇ ನಗೆಚಾಟಿಕೆ ಮಾಡಿ ಕಳುಹಿಸುತ್ತಾನೆ. ಕೇಳಿದವರಿಗೂ ಬೇಸರವಿಲ್ಲ, ನುಡಿಸುವವರಿಗೂ ಅಡ್ಡಿಯಿಲ್ಲ. ಮಸಾಲಾ ಎಲ್ಲರಿಗೂ ಇಷ್ಟವೆಂದು ಅದನ್ನು ಮೊದಲೇ ಹಾಕಿ ಎಂದು ಯಾರೂ ಒತ್ತಾಯಿಸುವುದಿಲ್ಲ. ನಮ್ಮ ಸಂಗೀತ್ ಸಂಜೆಗಳಲ್ಲಿ ಈ ನಡುವಿನ ಮನುಷ್ಯನೇ ಇಲ್ಲ, ಅದೇ ಕೊರತೆ.

ಇನ್ನೊಂದು ಪ್ರಶ್ನೆ. ‘ಆ ಹಾಡಿನ ಹಕ್ಕುಳ್ಳ ಕಂಪನಿಯ ಲೈಸೆನ್ಸ್ ಇಲ್ಲ, ಹಾಕಲಾಗದು’ ಎಂದು ಇಲ್ಲಿ ಕೆಲವರು ಹೇಳುತ್ತಾರೆ. ಇದು ನಿಜವೇ, ಅಥವಾ ಕೇಳಿದವರನ್ನು ಸಾಗಹಾಕುವ ನೆಪವೇ? ಹತ್ತು ಗಂಟೆಗೆ ಹಾಲಿನ ಒಳಗೂ ನಿಲ್ಲಿಸಲೇಬೇಕು ಎನ್ನುತ್ತಾರೆ, ಅದೂ ಹಾಗೆಯೇ?

ವಾಶಿಯ ವಕೀಲರು

ಹತ್ತು ಗಂಟೆಯ ವಿಷಯ ಮೊದಲು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕವನ್ನು ಬಳಸುವಂತಿಲ್ಲ; ಆದರೆ ಸಭಾಂಗಣ, ಬ್ಯಾಂಕ್ವೆಟ್ ಹಾಲುಗಳಂಥ ಮುಚ್ಚಿದ ಜಾಗದಲ್ಲಿ ಒಳಗಿನವರಿಗಷ್ಟೇ ಕೇಳಿಸುವಂತೆ ಬಳಸುವುದಕ್ಕೆ ವಿನಾಯಿತಿ ಇದೆ. ಹೊರಗಿನವರ ನಿದ್ದೆ ಕೆಡಿಸಿದರೆ ಆ ವಿನಾಯಿತಿ ಉಳಿಯುವುದಿಲ್ಲ. ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್ ಮಾತ್ರ, ಹಗಲಿನದು 55. ಲಾನ್ ಮೇಲಿನ ಮದುವೆಗೆ ವಿನಾಯಿತಿ ಅನ್ವಯಿಸದು. ಸರ್ಕಾರವು ವರ್ಷಕ್ಕೆ 15 ದಿನಗಳಿಗೆ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದಾದರೂ ಅದು ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ. ನಮ್ಮ ನಿಮ್ಮ ಮನೆಯ ಮದುವೆಯ ದಿನಕ್ಕಲ್ಲ. ಆದ್ದರಿಂದ ಹತ್ತಕ್ಕೆ ಐದು ನಿಮಿಷವಿರುವಾಗ ‘ಇನ್ನೊಂದು, ಇನ್ನೊಂದು’ ಎಂದು ಡಿಜೆಯನ್ನು ಪೀಡಿಸುವುದು ಶಿಷ್ಟಾಚಾರವಲ್ಲ. ಪೊಲೀಸರು ಬಂದರೆ ಉತ್ತರ ಕೊಡಬೇಕಾದವರು ಅವನು ಮತ್ತು ಮನೆಯವರು. ಹಾಡು ಕೇಳಿದವರು ಅಷ್ಟರಲ್ಲಿ ಮನೆಗೆ ಹೋಗಿರುತ್ತಾರೆ.

ಲೈಸೆನ್ಸ್ ವಿಷಯ ಸ್ವಲ್ಪ ತೊಡಕಿನದು. 1957ರ ಕೃತಿಸ್ವಾಮ್ಯ ಕಾಯ್ದೆಯ 52(1)(ಝಡ್‌ಎ) ಕಲಮು ನಿಜವಾದ ಧಾರ್ಮಿಕ ಸಮಾರಂಭದಲ್ಲಿ ಹಾಡು ಬಳಸುವುದನ್ನು ಉಲ್ಲಂಘನೆ ಎನ್ನುವುದಿಲ್ಲ, ಮತ್ತು ಅದರ ವಿವರಣೆಯಲ್ಲಿ ಮದುವೆಯ ಮೆರವಣಿಗೆ ಹಾಗೂ ಮದುವೆಗೆ ಸಂಬಂಧಿಸಿದ ಇತರ ಸಾಮಾಜಿಕ ಸಂಭ್ರಮಗಳೂ ಸೇರಿವೆ. ಕೃತಿಸ್ವಾಮ್ಯದ ವಿಷಯ ನೋಡಿಕೊಳ್ಳುವ ಕೇಂದ್ರದ ಇಲಾಖೆ 2023ರ ಜುಲೈಯಲ್ಲಿ ಇದನ್ನೇ ನೆನಪಿಸಿ ಪ್ರಕಟಣೆ ಹೊರಡಿಸಿತು. ಅದೇ ಧಾಟಿಯಲ್ಲಿ ಗೋವಾ ಸರ್ಕಾರ 2024ರ ಜನವರಿಯಲ್ಲಿ ಹೊರಡಿಸಿದ ಸುತ್ತೋಲೆಯನ್ನು ಮಾತ್ರ ಮುಂಬೈ ಹೈಕೋರ್ಟಿನ ಗೋವಾ ಪೀಠವು ಅದೇ ವರ್ಷ ಆಗಸ್ಟಿನಲ್ಲಿ ರದ್ದುಪಡಿಸಿತು. ಕಾಯ್ದೆಯ ಕಲಮು ಹಾಗೆಯೇ ಇದೆ. ಅದರ ವ್ಯಾಪ್ತಿಯನ್ನು ಸುತ್ತೋಲೆಯ ಮೂಲಕ ಹಿಗ್ಗಿಸುವುದಕ್ಕೆ ಪೀಠ ಒಪ್ಪಲಿಲ್ಲ. ಹೀಗಿರುವಾಗ ಹೋಟೆಲಿನವರೂ ಡಿಜೆಗಳೂ ಅಂಜುವುದು ಸಹಜ. ಅವನು ಲೈಸೆನ್ಸಿನ ಮಾತು ತೆಗೆದರೆ ಅಲ್ಲೇ ನಿಂತು ವಾದ ಹೂಡದೆ, ಮನೆಯವರು ಮದುವೆಯ ಹಾಲ್ ಗೊತ್ತುಮಾಡುವಾಗಲೇ ಇದನ್ನು ಲಿಖಿತವಾಗಿ ಕೇಳಿಕೊಳ್ಳುವುದು ಒಳ್ಳೆಯದು.

ಥಾಣೆಯ ಡಿಜೆ

ವಕೀಲರಿಗೆ ಧನ್ಯವಾದ. ಆದರೂ ನೆಪವಾಗಿ ಹೇಳುವವರು ಇಲ್ಲವೆಂದಲ್ಲ.

ಬೋರಿವಲಿಯ ಭಟ್ಟರು

ನೋಟಿನ ವಿಷಯಕ್ಕೆ ಯಾರೂ ಉತ್ತರಿಸಲಿಲ್ಲ. ಮದುಮಕ್ಕಳ ತಲೆಯ ಸುತ್ತ ನೋಟು ನಿವಾಳಿಸಿ ಢೋಲು ಬಾರಿಸುವವರಿಗೆ ಕೊಡುವ ಪದ್ಧತಿ ಮರಾಠಿ ಮದುವೆಯ ಮೆರವಣಿಗೆಯಾದ ವರಾತದಲ್ಲಿ ಇದೆ, ಅದು ಸಂತೋಷದ ಕಾಣಿಕೆ. ಐನೂರರ ನೋಟನ್ನು ಡಿಜೆಯ ಕಣ್ಣ ಮುಂದೆ ಆಡಿಸಿ ‘ಮೊದಲು ನನ್ನದು’ ಎನ್ನುವುದು ಕಾಣಿಕೆಯಲ್ಲ, ಸರತಿ ಮುರಿಯುವುದು. ಒಬ್ಬ ಐನೂರು ಕೊಟ್ಟರೆ ಇನ್ನೊಬ್ಬ ಸಾವಿರ ತೆಗೆಯುತ್ತಾನೆ, ಮನೆಯವರು ಕೊಟ್ಟ ಪಟ್ಟಿ ಮೂಲೆ ಸೇರುತ್ತದೆ.

ಡೊಂಬಿವಲಿ ಶೆಟ್ರು

ಭಟ್ಟರೇ, ತೆಗೆದುಕೊಳ್ಳುವ ಡಿಜೆಗಳಿರುವಾಗ ಕೊಡುವವರನ್ನು ಮಾತ್ರ ಬೈದರೆ ಹೇಗೆ? ನಾನು ಕಂಡ ಒಬ್ಬಾತ ನೋಟು ಜೇಬಿಗೆ ಇಳಿದ ಮೇಲೆಯೇ ನನ್ನತ್ತ ತಿರುಗಿ ನೋಡಿದ.

ಥಾಣೆಯ ಡಿಜೆ

ಅಂಥವರೂ ಇದ್ದಾರೆ, ಅಲ್ಲಗಳೆಯಲಾರೆ. ನಾನು ನಡುವೆ ಕೊಟ್ಟ ಹಣವನ್ನು ಮುಟ್ಟುವುದಿಲ್ಲ. ಮುಟ್ಟಿದರೆ ಆ ಹಾಡು ನನ್ನ ತಲೆಯ ಮೇಲೆ ಸಾಲವಾಗಿ ಕೂರುತ್ತದೆ. ಸಂತೋಷವಾಗಿದ್ದರೆ ಎಲ್ಲ ಮುಗಿದು ತಂತಿ ಸುತ್ತುವಾಗ ಬಂದು, ಸ್ಪೀಕರು ಹೊರುವ ನನ್ನ ಹುಡುಗರ ಕೈಗೆ ಕೊಡಿ. ಅವರಿಗೆ ಊಟ ಹಾಕಿಸಿದರೆ ಇನ್ನೂ ಒಳ್ಳೆಯದು. ರಾತ್ರಿ ಹನ್ನೊಂದಕ್ಕೆ ಹಾಲಿನವರು ಪಾತ್ರೆ ಮುಚ್ಚಿದ ಮೇಲೆ ಆ ಹುಡುಗರನ್ನು ಕೇಳುವವರಿರುವುದಿಲ್ಲ.

ಮಾಟುಂಗಾದ ಹಿರಿಯರು

ಸದ್ದಿನ ಬಗ್ಗೆ ನಾನು ಕೇಳಿದ್ದು ಹಾಗೆಯೇ ಉಳಿಯಿತು.

ಥಾಣೆಯ ಡಿಜೆ

ಕ್ಷಮಿಸಿ ರಾಯರೇ. ಅದನ್ನೂ ಹಾಡಿನಂತೆಯೇ ಕೇಳಿ: ಸಿಟ್ಟಿನಿಂದ ಕೈ ಬೀಸುವ ಬದಲು, ಯಾವ ಮೂಲೆಯಲ್ಲಿ ಕುಳಿತವರಿಗೆ ಹಿಂಸೆಯಾಗುತ್ತಿದೆ ಎಂದು ಹೇಳಿ ಕಳುಹಿಸಿ. ಎಲ್ಲವನ್ನೂ ತಗ್ಗಿಸದೆ ಆ ಕಡೆಯ ಸ್ಪೀಕರನ್ನು ಮಾತ್ರ ತಗ್ಗಿಸಲು ಅಥವಾ ತಿರುಗಿಸಲು ಆಗುತ್ತದೆ. ಹೊಟ್ಟೆ ನಡುಗಿಸುವ ಬೇಸನ್ನು ಇಳಿಸಿದರೂ ಅರ್ಧ ಕಷ್ಟ ಕಳೆಯುತ್ತದೆ. ಹಿರಿಯರ ಕುರ್ಚಿಗಳನ್ನು ಸ್ಪೀಕರಿನ ಎದುರಿಗೇ ಸಾಲಾಗಿ ಇಡುವ ಹಾಲಿನವರಿಗೆ ಮನೆಯವರು ಮೊದಲೇ ಹೇಳಬೇಕು. ವೇದಿಕೆಯ ಮೇಲೆ ವಧೂವರರಿಗೆ ಶುಭಾಶಯ ಹೇಳುವ ಸಾಲು ಇರುವಷ್ಟು ಹೊತ್ತು ಹಾಡಿನ ಮಾತೇ ಬೇಡ, ವಾದ್ಯಸಂಗೀತ ಸಾಕು. ಆ ಹೊತ್ತಿನಲ್ಲಿ ಕುಣಿತದ ಹಾಡು ಕೇಳಬಾರದೆಂಬುದನ್ನೂ ಹುಡುಗರಿಗೆ ತಿಳಿಸಿ.

ಕೋಥರೂಡಿನ ಅಣ್ಣ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಬೀಗರ ಮನೆಯಲ್ಲಿ ಕುಳಿತು ಮಾತನಾಡಿದೆವು. ನಮ್ಮ ಕಡೆಯಿಂದ ಚಿಕ್ಕಪ್ಪನ ಮಗಳು, ಅವರ ಕಡೆಯಿಂದ ವರನ ತಮ್ಮ, ಇವರಿಬ್ಬರ ಹೊರತು ಯಾರೂ ಡಿಜೆಯ ಮೇಜಿಗೆ ಹೋಗುವುದಿಲ್ಲ. ಹಾಡು ಬೇಕಾದವರು ಇವರಿಬ್ಬರಲ್ಲಿ ಒಬ್ಬರಿಗೆ ಹೇಳಬೇಕು. ಕೊನೆಯ ಅರ್ಧ ಗಂಟೆಯನ್ನು ಬಂದವರ ಬೇಡಿಕೆಗೆಂದೇ ತೆರೆದಿಡುತ್ತೇವೆ. ಪಿಂಪರಿಯ ಅಕ್ಕನವರು ಹೇಳಿದ ನಿಷೇಧದ ಪಟ್ಟಿಗೆ ಬೀಗರೇ ಮೊದಲು ಒಪ್ಪಿದರು, ಅವರ ಕಡೆಯ ಎರಡು ಹಾಡುಗಳನ್ನು ತಾವೇ ಸೇರಿಸಿದರು. ಗೋಕಾಕಿನ ಹುಡುಗರು ಮುನಿಸಿಕೊಂಡಿದ್ದಾರೆ. ಅವರ ಹಾಡುಗಳನ್ನು ಅತ್ತೆಯವರು ಕುಳಿತು ಕೇಳಿ ಮೂರಕ್ಕೆ ಒಪ್ಪಿಗೆ ಕೊಡುವುದಾಗಿ ಹೇಳಿದ ಮೇಲೆ ಮುನಿಸು ಇನ್ನೂ ಹೆಚ್ಚಾಗಿದೆ.

ಒಂದು ಸಂದೇಹ ಉಳಿದಿದೆ. ಎರಡು ಗಂಟೆಯ ಕುಣಿತಕ್ಕೆ ಎಷ್ಟು ಹಾಡುಗಳ ಪಟ್ಟಿ ಕೊಡಬೇಕು?

ಡೊಂಬಿವಲಿ ಶೆಟ್ರು

ಒಂದು ತುಳು ಹಾಡನ್ನೂ ಸೇರಿಸಿ, ಅಣ್ಣ. ಯಾರಿಗೆ ಕಳುಹಿಸಬೇಕೆಂದು ತಿಳಿಸಿದರೆ ಈಗಲೇ ಕಳುಹಿಸುತ್ತೇನೆ.

ಕೋಥರೂಡಿನ ಅಣ್ಣ

ಶೆಟ್ಟರೇ, ಮೊದಲು ಆಮಂತ್ರಣ ಪತ್ರಿಕೆ ಕಳುಹಿಸುತ್ತೇನೆ, ಹಾಡು ಆಮೇಲೆ.

ಥಾಣೆಯ ಡಿಜೆ

ಎರಡು ಗಂಟೆಯಲ್ಲಿ ತುಂಡು ತುಂಡಾಗಿ ಐವತ್ತು ಹಾಡುಗಳಾದರೂ ಹೋಗುತ್ತವೆ, ಆದರೆ ಐವತ್ತನ್ನೂ ನೀವೇ ಬರೆದುಕೊಟ್ಟರೆ ಡಿಜೆ ಯಾಕೆ ಬೇಕು? ತಪ್ಪಿಸಲೇಬಾರದ ಹಾಡುಗಳನ್ನು ಹದಿನೈದಕ್ಕೆ ನಿಲ್ಲಿಸಿ, ಅದರಲ್ಲಿ ಕನ್ನಡದ್ದು ಐದಾದರೂ ಇರಲಿ, ಉಳಿದದ್ದನ್ನು ಅಂಗಳ ನೋಡಿಕೊಂಡು ನಡೆಸಲು ಅವನಿಗೆ ಬಿಡಿ. ಅತ್ತೆಯವರ ಹಳೆಯ ಚಿತ್ರಗೀತೆಗಳು ಊಟದ ಹೊತ್ತಿಗೆ ಬರಲಿ, ಅಲ್ಲಿ ಅವು ಪೂರ್ತಿ ಕೇಳಿಸುತ್ತವೆ. ಕನ್ನಡ ಹಾಡುಗಳನ್ನು ಕೊಂಡಿ ಕಳುಹಿಸಿ ಸುಮ್ಮನಾಗದೆ ಒಳ್ಳೆಯ ಗುಣಮಟ್ಟದಲ್ಲಿ ಕೊಂಡು, ಪೆನ್‌ಡ್ರೈವಿನಲ್ಲಿ ಹಾಕಿ, ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲೂ ಬರೆದು ಕೊಡಿ; ನಿಮ್ಮ ಡಿಜೆಗೆ ಕನ್ನಡ ಓದಲು ಬರುತ್ತದೆಯೋ ಇಲ್ಲವೋ. ಮತ್ತು ಆ ಇಬ್ಬರ ಹೆಸರನ್ನೂ ಮುಖವನ್ನೂ ಅವನಿಗೆ ಮೊದಲೇ ಪರಿಚಯಿಸಿ, ಇಲ್ಲದಿದ್ದರೆ ‘ನಾನೇ ವರನ ತಮ್ಮ’ ಎಂದು ಹೇಳಿಕೊಂಡು ಆ ಸಂಜೆ ಹತ್ತು ಮಂದಿ ಬರುತ್ತಾರೆ.